ಪದ್ಮಿನಿಗೆ ಚಳ್ಳಕೆರೆಯಲ್ಲಿ ಹಾಕಿಸಿದ ಆಯಿಲ್ ಮೀಟರು

ಕಾರು ಮಾರಿ ಬಸ್ಸಿನಲ್ಲಿ ವಾಪಸು ಬರುವುದೆಂದು ತೀರ್ಮಾನಿಸಿಯೇ ಆ ಬುಧವಾರ ಬೆಳಿಗ್ಗೆ ಆರೂವರೆಗೆ ಚಿತ್ರದುರ್ಗ ಬಿಟ್ಟೆ. ನನ್ನದು ಬಿಳಿ ಬಣ್ಣದ ಹಳೆಯ ಪದ್ಮಿನಿ. ನರ್ಸ್ ಆಗಿ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಕಾಲದಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೆ. ನಾನು ನಿವೃತ್ತಳಾದರೂ ಅದು ಆಗಿರಲಿಲ್ಲ. ಆದರೆ ಎರಡು ತಿಂಗಳಿಂದ, ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ ಆಯಿಲಿನ ಕೆಂಪು ದೀಪ ಹತ್ತತೊಡಗಿತ್ತು. ದುರ್ಗದ ಇಬ್ಬರು ಮೆಕ್ಯಾನಿಕ್‌ಗಳು ದೀಪ ನೋಡಿದ್ದೇ ತಡ, "ಇಂಜಿನ್ ಮುಗೀತು, ಯಾವತ್ತು ಬೇಕಾದ್ರೂ ಜಾಮ್ ಆಗುತ್ತೆ" ಎಂದಿದ್ದರು. ಮೊಳಕಾಲ್ಮೂರಿನ ಸೀರೆ ವ್ಯಾಪಾರಿ ಓಬಯ್ಯನಿಗೆ ಹಳೇ ಕಾರುಗಳ ಹುಚ್ಚು. "ಇಂಜಿನ್ ಹೆಂಗಾದ್ರೂ ಇರ್ಲಿ, ತಗೊಂಡ್ ಬರ್ರಿ" ಎಂದು ಫೋನಿನಲ್ಲಿ ಒಪ್ಪಿದ್ದ.

ಚಳ್ಳಕೆರೆಗೆ ಮೂವತ್ತು ಕಿಲೋಮೀಟರಿನಷ್ಟು ದಾರಿ. ಊರು ಸಮೀಪಿಸುತ್ತಿದ್ದಂತೆ ಎಣ್ಣೆ ಮಿಲ್ಲುಗಳ ಹುರಿದ ಶೇಂಗಾದ ವಾಸನೆ ಕಿಟಕಿಯೊಳಗೆ ಬಂತು. ಚಹಾದ ಅಂಗಡಿ ಮುಂದೆ ನಿಧಾನ ಮಾಡಿದಾಗ ಕೆಂಪು ದೀಪ ಹತ್ತಿದ್ದು ಆರಲೇ ಇಲ್ಲ. ಇನ್ನೂ ಐವತ್ತು ಕಿಲೋಮೀಟರು ಹೋಗುವ ಧೈರ್ಯ ನನಗೆ ಉಳಿಯಲಿಲ್ಲ. ಚಹಾದವನು ರಸ್ತೆಯಾಚೆಯ ತಗಡಿನ ಶೆಡ್ಡು ತೋರಿಸಿದ.

ಶೆಡ್ಡಿನ ಯಜಮಾನ ಮಸ್ತಾನ್ ಸಾಬರು. ಅರವತ್ತು ದಾಟಿದ, ತೆಳ್ಳಗಿನ, ಮುಖದಲ್ಲಿ ನಗುವಿಲ್ಲದ ಮನುಷ್ಯ. ಎಣ್ಣೆ ಮಿಲ್ಲಿನಲ್ಲಿ ಬಹಳ ವರ್ಷ ಫಿಟ್ಟರ್ ಆಗಿದ್ದು ಆಮೇಲೆ ಸ್ವಂತ ಗ್ಯಾರೇಜು ಇಟ್ಟವರು. ಬಾನೆಟ್ ಎತ್ತಿ, ಕಣ್ಣು ಮುಚ್ಚಿಕೊಂಡು ಇಂಜಿನ್ನಿನ ಸದ್ದು ಕೇಳಿದರು.

"ಇಂಜಿನ್ ಹೋಗೈತೆ ಅಂತ ಯಾರು ಹೇಳಿದ್ದು?"

"ದುರ್ಗದಲ್ಲಿ ಹೇಳಿದರು."

"ಅಳತೆ ಮಾಡಿ ನೋಡಿದ್ರಾ?"

"ಇಲ್ಲ, ದೀಪ ನೋಡಿ ಹೇಳಿದರು."

"ದೀಪಕ್ಕೇನು ಗೊತ್ತಾಗ್ತೈತಮ್ಮಾ? ಹತ್ತೋದು, ಆರೋದು, ಅಷ್ಟೇ. ಆಯಿಲ್ ಎಷ್ಟು ಒತ್ತಡದಾಗೆ ಓಡ್ತೈತೆ ಅಂತ ನೋಡಾಕೆ ಮೀಟರ್ ಬೇಕು."

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಜನರ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ಅಳೆದವಳು ನಾನು. ಮುಖ ನೋಡಿ ರೋಗ ಹೇಳಬಾರದೆಂದು ಕಿರಿಯ ನರ್ಸುಗಳಿಗೆ ಬೈಯುತ್ತಿದ್ದೆ. ಅದನ್ನು ಹೇಳಿಕೊಂಡಾಗ ಅವರು, "ಹಂಗಾದ್ರೆ ನಿಮಗೆ ನಾನು ಹೇಳಾದೇನೈತೆ ಸಿಸ್ಟರಮ್ಮ, ಕುಂತ್ಕಳ್ರಿ" ಎಂದು ಸ್ಟೂಲು ಕೊಟ್ಟರು.

ಮೀಟರು ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಕ್ಕಿತು. ಕಷ್ಟವಾದದ್ದು ಜೋಡಣೆ. ಒತ್ತಡ ಇಳಿದಾಗ ದೀಪ ಹತ್ತಿಸುವ ಸ್ವಿಚ್ಚು ಇಂಜಿನ್ನಿನ ಮೈಗೆ ಕೂತಿದ್ದ ಜಾಗದಲ್ಲಿ ಒಂದು ಕವಲು ಹಾಕಬೇಕು. ಅದರ ಒಂದು ಬಾಯಿಗೆ ಸ್ವಿಚ್ಚು, ಇನ್ನೊಂದಕ್ಕೆ ಮೀಟರಿನ ಸಣ್ಣ ತಾಮ್ರದ ಕೊಳವೆ. ಅಂಗಡಿಯ ಕವಲಿನ ತಿರುಪಿನ ಸುತ್ತು ನನ್ನ ಇಂಜಿನ್ನಿನ ಸುತ್ತಿಗೆ ಹೊಂದಲಿಲ್ಲ. ಒತ್ತಿ ತಿರುಗಿಸಿದ್ದರೆ ಹೇಗೋ ಕೂರುತ್ತಿತ್ತೇನೋ. ಸಾಬರು ಒತ್ತಲಿಲ್ಲ. ಪಕ್ಕದ ಲೇತಿಗೆ ಹೋಗಿ, ಹಿತ್ತಾಳೆಯ ತುಂಡಿನಲ್ಲಿ ಹೊಸ ಕವಲನ್ನೇ ಕಡೆಸಿಕೊಂಡು ಬಂದರು. ಕೊಳವೆ ಕಾರಿನೊಳಗೆ ಬರುವ ತೂತಿನಲ್ಲಿ ತಗಡಿನ ಅಂಚು ಅದನ್ನು ಕೊಯ್ಯದಂತೆ ರಬ್ಬರಿನ ಬಳೆ ಕೂರಿಸಿದರು. ಮೀಟರನ್ನು ಸ್ಟಿಯರಿಂಗಿನ ಎಡಗಡೆ, ನನಗೆ ಕಾಣುವಂತೆ ಬಿಗಿದರು. ಇಷ್ಟೂ ಹೊತ್ತು ಅವರು ಆಡಿದ ಮಾತು ಹತ್ತು ಇರಲಿಕ್ಕಿಲ್ಲ. ಅಂಥ ಕೈಗಳ ಕೆಲಸವನ್ನು ನಾನು ಹಿಂದೆ ನೋಡಿದ್ದು ಆಪರೇಷನ್ ಕೋಣೆಗಳಲ್ಲಿ ಮಾತ್ರ.

ಹನ್ನೆರಡಕ್ಕೆ ಗಾಡಿ ಚಾಲೂ ಮಾಡಿಸಿದರು. ಮುಳ್ಳು ಎದ್ದು ಅರವತ್ತರ ಹತ್ತಿರ ನಿಂತಿತು. ಇಂಜಿನ್ ಬಿಸಿಯಾದ ಮೇಲೆ ಮೆಲ್ಲಗೆ ಇಳಿದು ಇಪ್ಪತ್ತೈದಕ್ಕೆ ಬಂತು. ಕೆಂಪು ದೀಪ ಮಾತ್ರ ಹತ್ತಿಯೇ ಇತ್ತು.

"ನೋಡ್ರಿ. ಒತ್ತಡ ಐತೆ, ದೀಪ ಇಲ್ಲ ಅಂತೈತೆ. ಸುಳ್ಳು ಹೇಳ್ತಿರೋದು ಸ್ವಿಚ್ಚು."

ಹೊಸ ಸ್ವಿಚ್ಚು ಹಾಕಿದಾಗ ದೀಪ ಆರಿತು. ಹೊರಡುವಾಗ ಒಂದು ಕಾಗದದ ಚೂರಿನಲ್ಲಿ ತಮ್ಮ ನಂಬರು ಬರೆದುಕೊಟ್ಟು, "ಮುಳ್ಳು ಬಿತ್ತು ಅಂದ್ರೆ ಮೊದ್ಲು ಇಂಜಿನ್ ಆಫ್ ಮಾಡ್ರಿ. ಯೋಚನೆ ಆಮೇಲೆ" ಎಂದರು.

ತಳಕು ದಾಟಿತು. ಎರಡೂ ಕಡೆ ಕೆಂಪು ಹೊಲ, ದೂರದಲ್ಲಿ ಬಂಡೆಗುಡ್ಡ, ನೆತ್ತಿಯ ಮೇಲೆ ಬಿಸಿಲು. ನಾನು ರಸ್ತೆಗಿಂತ ಮೀಟರನ್ನೇ ಹೆಚ್ಚು ನೋಡುತ್ತಿದ್ದೆ. ನಲವತ್ತೈದು, ನಲವತ್ತೈದು. ಬಿ.ಜಿ. ಕೆರೆ ಇನ್ನು ಮೂರು ಕಿಲೋಮೀಟರು ಇದೆ ಎನ್ನುವಾಗ ಮುಳ್ಳು ಮೂವತ್ತಕ್ಕೆ ಬಂತು, ಹತ್ತಕ್ಕೆ ಬಂತು. ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದೆ. ಕಾರು ತಾನೇ ಉರುಳಿ ಒಂದು ಬೇವಿನ ಮರದ ಹತ್ತಿರ ನಿಂತಿತು. ಕೆಳಗೆ ಬಗ್ಗಿ ನೋಡಿದರೆ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿತ್ತು.

ಸಾಬರಿಗೆ ಫೋನು ಮಾಡಿದೆ. "ಇಂಜಿನ್ ಆಫ್ ಮಾಡಿದ್ರಾ?" ಎಂದು ಕೇಳಿದರು. ಹೌದೆಂದೆ. "ಬಂದೆ" ಎಂದು ಇಟ್ಟುಬಿಟ್ಟರು.

ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದಳು. "ಗಾಡಿ ಕೆಟ್ಟೈತೇನವ್ವಾ? ಒಬ್ಬಾಕೆನೇ ಬಂದೀಯಾ?" ಎಂದು ಕೇಳಿ, ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಮೆಕ್ಯಾನಿಕ್ ಬರುತ್ತಾರೆಂದು ನಾನು ಹೇಳಿದಾಗ, "ಬರ್ತೀನಿ ಅಂದೋನು ಬರ್ತಾನಾ?" ಎಂದಳು. ನನಗೂ ಅದೇ ಅನುಮಾನವಿತ್ತು. ಅಂಗಡಿ ಬಿಟ್ಟು ಹೋದ ಗಿರಾಕಿಯ ಹಿಂದೆ ಮೂವತ್ತು ಕಿಲೋಮೀಟರು ಬರುವ ಮೆಕ್ಯಾನಿಕ್‌ನನ್ನು ನಾನಂತೂ ಕಂಡಿರಲಿಲ್ಲ.

ಗಂಟೆ ತುಂಬುವ ಮೊದಲೇ ಸಾಬರು ಮೊಪೆಡ್ಡಿನಲ್ಲಿ ಬಂದರು. ಕಾಲ ಹತ್ತಿರ ಆಯಿಲ್ ಡಬ್ಬಿ, ಹೆಗಲಿಗೆ ಚೀಲ, ಮುಖವೆಲ್ಲ ಧೂಳು. ನೀರನ್ನೂ ಕುಡಿಯದೆ ಬಾನೆಟ್ ಎತ್ತಿದರು. ಕೊಳವೆಯನ್ನು ತುದಿಯಿಂದ ತುದಿಗೆ ನೋಡಿದರು.

"ರಸ್ತೆ ಕೆಟ್ಟದಿತ್ತು, ಕುಲುಕಾಟಕ್ಕೆ ಹಿಂಗಾಯ್ತೇನೋ" ಎಂದು ನಾನೇ ಅವರಿಗೊಂದು ನೆಪ ಒದಗಿಸಿದೆ.

"ಇಲ್ಲ ಸಿಸ್ಟರಮ್ಮ. ರಸ್ತೆ ಚೆನ್ನಾಗೈತೆ. ತಪ್ಪು ನಂದು." ಕೊಳವೆಯನ್ನು ಬೆರಳಲ್ಲಿ ಮುಟ್ಟಿ ತೋರಿಸಿದರು. "ಇಂಜಿನ್ ಅಲ್ಲಾಡ್ತೈತೆ, ಬಾಡಿ ಅಲ್ಲಾಡಲ್ಲ. ನಡುವೆ ಕೊಳವೆಗೆ ಸುರುಳಿ ಬಿಡಬೇಕು. ನಾನು ಬಿಗಿಯಾಗಿ ಎಳೆದ್ಬಿಟ್ಟೆ. ಸೀಳೈತೆ."

ಸೀಳಿದ ಕೊಳವೆಯನ್ನು ಬಿಚ್ಚಿ ತೆಗೆದರು. ಚೀಲದಿಂದ ಹೊಸ ಕೊಳವೆ ತೆಗೆದು, ಸ್ಪ್ಯಾನರಿನ ಹಿಡಿಗೆ ಎರಡು ಸುತ್ತು ಸುತ್ತಿ ಸುರುಳಿ ಮಾಡಿ ಜೋಡಿಸಿದರು. ಆಯಿಲ್ ತುಂಬಿಸಿದರು. ಮುಳ್ಳು ನಲವತ್ತೈದಕ್ಕೆ ಬಂದರೂ ಬಿಡದೆ, ಬಿ.ಜಿ. ಕೆರೆ ದಾಟುವವರೆಗೂ ಮೊಪೆಡ್ಡಿನಲ್ಲಿ ನನ್ನ ಹಿಂದೆ ಬಂದು, ಅಲ್ಲಿಂದ ಕೈಯೆತ್ತಿ ತಿರುಗಿಸಿಕೊಂಡು ಹೋದರು. ವೈದ್ಯರು, ಅಧಿಕಾರಿಗಳ ಜೊತೆ ಇಷ್ಟು ವರ್ಷ ದುಡಿದೆ. "ತಪ್ಪು ನಂದು" ಎಂಬ ಎರಡು ಪದವನ್ನು ಅಷ್ಟು ಸರಾಗವಾಗಿ ಯಾರ ಬಾಯಲ್ಲೂ ಕೇಳಿರಲಿಲ್ಲ.

ಮೊಳಕಾಲ್ಮೂರು ತಲುಪಿದಾಗ ಸಂಜೆ ಐದು. ಓಬಯ್ಯನ ಬೀದಿಯಲ್ಲಿ ಮನೆಮನೆಯಿಂದಲೂ ಮಗ್ಗದ ಸದ್ದು ಬರುತ್ತಿತ್ತು. ಅವನು ಕಾರಿನ ಸುತ್ತ ಎರಡು ಸಲ ತಿರುಗಿದ, ಒಳಗೆ ಕೂತ, ಮೀಟರು ನೋಡಿ "ಬಾಗುಂದಿ, ಬಾಗುಂದಿ" ಎಂದು ತೆಲುಗಿನಲ್ಲಿ ಹಿಗ್ಗಿದ. ನಾನು ಸ್ವಿಚ್ಚಿನ ಸುಳ್ಳು, ದಾರಿಯ ಸೋರಿಕೆ ಎರಡನ್ನೂ ಮುಚ್ಚಿಡದೆ ಹೇಳಿದೆ. ಓಬಯ್ಯ ಸ್ಟಿಯರಿಂಗಿನಿಂದ ಕೈ ತೆಗೆದ.

"ಅಕ್ಕಾ, ಇಂಜಿನ್ ಹೋಗೈತೆ ಅಂತ ಹೆದರಿ ಮಾರಾಕೆ ಬಂದ್ರಿ ಅಲ್ವಾ?"

"ಹೌದು."

"ಈಗ ಹೋಗಿಲ್ಲ ಅಂತ ಗೊತ್ತಾಯ್ತು. ಈಗ್ಲೂ ಮಾರ್ತೀರಾ?"

ನಾನು ಬಾನೆಟ್ಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸತೊಡಗಿದೆ. ಅವನು ನಕ್ಕು, ಕೀಲಿಯನ್ನು ನನ್ನ ಅಂಗೈಗೆ ಹಾಕಿದ. "ಬೇಕು ಅಂತ ಆಸೆ ಐತೆ, ಸುಳ್ಳು ಹೇಳಲ್ಲ. ಆದ್ರೆ ನಿಮ್ ಮುಖ ನೋಡಿದ್ರೆ ಕೊಡೋರ್ ಥರ ಕಾಣ್ತಿಲ್ಲ. ಊಟ ಮಾಡ್ರಿ, ಮಲಗ್ರಿ, ಬೆಳಿಗ್ಗೆ ಓಡಿಸ್ಕೊಂಡ್ ಹೋಗ್ರಿ."

ಅವನ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡು, ಗುರುವಾರ ಬೆಳಿಗ್ಗೆ ಹೊರಟೆ.

ಚಳ್ಳಕೆರೆಯಲ್ಲಿ ಶೆಡ್ಡಿನ ಮುಂದೆ ನಿಲ್ಲಿಸಿದಾಗ ಸಾಬರು ಟ್ರ್ಯಾಕ್ಟರಿನ ಕೆಳಗಿದ್ದರು. ಹಾರ್ನ್ ಕೇಳಿ ಹೊರಗೆ ಬಂದರು. ಮಾರಿದೆನೋ ಇಲ್ಲವೋ ಎಂದು ಅವರು ಕೇಳಲಿಲ್ಲ. ನೇರವಾಗಿ ಬಾನೆಟ್ ಎತ್ತಿ, ಕೈ ಒರೆಸಿಕೊಂಡು, ಜೋಡಣೆಯ ಕೆಳಗೆ ತೋರುಬೆರಳು ಆಡಿಸಿದರು. ಬೆರಳನ್ನು ಬಿಸಿಲಿಗೆ ಹಿಡಿದು ತಾವು ನೋಡಿದರು, ಆಮೇಲೆ ನನಗೆ ತೋರಿಸಿದರು. ಒಂದು ಹನಿಯೂ ಅಂಟಿರಲಿಲ್ಲ. ಆಗ ಮಸ್ತಾನ್ ಸಾಬರು ನಕ್ಕರು.