ಮೊಸೊವಿಯ ಬೀಸಣಿಗೆ

ದ್ವೀಪದ ಪಟ್ಟಣ ಅಪಿಯಾದ ಹೊರವಲಯದಲ್ಲಿ, ಬಸ್ಸು ನಿಲ್ಲುವ ದೀವಿಹಲಸಿನ ಮರದೆದುರಿಗೆ ಮೊಸೊವಿಯ ಹೊಲಿಗೆಯಂಗಡಿ. ಊರಿನ ಹೆಂಗಸರ ಯಾವ ಪುಲೆಟಾಸಿ, ಅಂದರೆ ರವಿಕೆ-ಲಂಗದ ಉಡುಪೂ, ಅವಳ ಕತ್ತರಿ ಕಾಣದೆ ಚರ್ಚಿನ ಮೆಟ್ಟಿಲು ಹತ್ತಿದ್ದಿಲ್ಲ. ಐವತ್ತೆರಡರ ವಯಸ್ಸು, ಬಾಗಿಲು ತುಂಬುವ ಮೈ, ಕಿವಿಯ ಮೇಲೆ ಸದಾ ಒಂದು ಕೆಂಪು ದಾಸವಾಳ. ಹುಟ್ಟಿದ್ದು ಗಂಡುಮಗುವಾಗಿ. ಏಳನೆಯ ವಯಸ್ಸಿಗೇ ಅಜ್ಜಿ, "ಇವಳು ನನ್ನ ಫಾಫಾಫಿನೆ ಮೊಮ್ಮಗಳು" ಎಂದು ಚಾಪೆ ಹೆಣೆಯುವ ಹೆಂಗಸರ ಸಾಲಿನಲ್ಲಿ ಕೂರಿಸಿಕೊಂಡಳು. ಮೊಸೊವಿ ಆ ಸಾಲಿನಿಂದ ಎದ್ದೇ ಇಲ್ಲ.

ಅವಳಂತೆಯೇ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಫಾಫಾಫಿನೆ ಲೋಸಾ, ಇಪ್ಪತ್ತೆರಡರ ಹುಡುಗಿ, ನೆಟ್‌ಬಾಲ್ ಆಟಗಾರ್ತಿ. ಹದಿನೈದು ದಿನದಿಂದ ಮೂತ್ರಕ್ಕೆ ಹೋದರೆ ಉರಿ. ಅಳುತ್ತಾಳೆ, ಆಸ್ಪತ್ರೆಗೆ ಮಾತ್ರ ಹೋಗುವುದಿಲ್ಲ.

"ಅಲ್ಲಿ ಏನು ಕೇಳ್ತಾರೋ, ಎಲ್ಲೆಲ್ಲಿ ನೋಡ್ತಾರೋ!"

"ಎಲ್ಲಾ ಈ ಪುಸ್ತಕದಲ್ಲಿದೆ ಕಣೇ, ಓದು," ಎಂದು ಮೊಸೊವಿ ಗುಪ್ತರೋಗದ ಬಗ್ಗೆ ಆಸ್ಪತ್ರೆಯವರು ಕೊಟ್ಟ ಪುಟ್ಟ ಪುಸ್ತಕ ಚಾಚಿದಳು.

"ಅಯ್ಯೋ! ಅದನ್ನ ಹಿಡಿದು ಬಸ್ಸು ಹತ್ತಿದ್ರೆ, ನಾನು ಇಳಿಯೋದ್ರೊಳಗೆ ನಮ್ಮಮ್ಮನಿಗೆ ಸುದ್ದಿ ಮುಟ್ಟಿರುತ್ತಕ್ಕಾ."

ಮುಖಪುಟ ನೋಡಿದರೆ ತಲೆತಗ್ಗಿಸಿ ಕೂತ ಯಾರದೋ ನೆರಳು. ಸತ್ತ ಮನೆಯ ಕಳೆ. ಶನಿವಾರ ಫಾಫಾಫಿನೆಯರ ನೆಟ್‌ಬಾಲ್ ಪಂದ್ಯದಲ್ಲಿ ಆಸ್ಪತ್ರೆಯವರು ಅವನ್ನೇ ಮೇಜಿನ ಮೇಲೆ ಪೇರಿಸಿಟ್ಟರು, ಒಬ್ಬರೂ ಮುಟ್ಟಲಿಲ್ಲ. ಬಿಸಿಲೇರಿತು ನೋಡಿ, ಆಟಗಾರ್ತಿಯರೆಲ್ಲ ಒಂದೊಂದು ಕಿತ್ತುಕೊಂಡು, ಮುಖಪುಟ ಹಿಂದಕ್ಕೆ ಮಡಚಿ, ಗಾಳಿ ಹಾಕಿಕೊಳ್ಳತೊಡಗಿದರು. ಮೊಸೊವಿ ತೊಡೆ ತಟ್ಟಿ ನಕ್ಕಳು. ಅಲ್ಲಿಂದಲೇ ಅಂಗಡಿಗೆ ಓಡಿದಳು.

ರಟ್ಟು ಕತ್ತರಿಸಿದಳು, ಉಳಿದ ಬಟ್ಟೆಯ ಅಂಚು ಹೊಲಿದಳು, ತೆಂಗಿನಕಡ್ಡಿಯ ಹಿಡಿ ಕಟ್ಟಿ ಬೀಸಣಿಗೆ ಮಾಡಿದಳು. ಒಂದು ಮಗ್ಗುಲಿಗೆ ಹರಟುವ ಇಬ್ಬರು ಗೆಳತಿಯರ ಚಿತ್ರ: "ಉರಿ ಬಂದ್ರೆ ಪ್ರೀತಿ ಅಂದ್ಕೋಬೇಡ, ನರ್ಸಮ್ಮಂಗೆ ತೋರಿಸು!" ಇನ್ನೊಂದು ಮಗ್ಗುಲಿಗೆ: ಮಂಗಳವಾರ ಆಸ್ಪತ್ರೆಗೆ ಬನ್ನಿ, ಹಿತ್ತಿಲ ಬಾಗಿಲು, ಹೆಸರು ಕೂಗುವುದಿಲ್ಲ, ಒಂದು ಸೂಜಿ, ನೋವಿಲ್ಲ.

ಆಸ್ಪತ್ರೆಯ ನರ್ಸಮ್ಮ ಓದಿ, "ಸುಳ್ಳು ಬೇಡಮ್ಮ, ಸ್ವಲ್ಪ ನೋಯುತ್ತೆ," ಎಂದಳು. ಮೊಸೊವಿ ತಿದ್ದಿ ಬರೆದಳು: ಸೊಳ್ಳೆ ಕಚ್ಚಿದಷ್ಟು.

ಲೋಸಾ ಬಿದ್ದು ಬಿದ್ದು ನಕ್ಕಳು, ಆದರೆ ಮುಟ್ಟಲಿಲ್ಲ. "ಚೆನ್ನಾಗಿದೆಯಕ್ಕಾ. ಆದ್ರೂ ಇದು ನಮ್ಮ ಫಾಫಾಫಿನೆಯರ ಬೀಸಣಿಗೆ ಅಂತ ಗೊತ್ತಾಗುತ್ತಲ್ಲ."

ಮುಂದಿನ ವಾರ, ಭಾನುವಾರ ಗಾಯನಕ್ಕೆ ಹೊತ್ತಾಯಿತೆಂದು ಓಡುವಾಗ, ಮೊಸೊವಿ ತನ್ನ ಹೆಣೆದ ಬೀಸಣಿಗೆ ಬಿಟ್ಟು ಮಿಷಿನ್ ಮೇಲಿದ್ದ ರಟ್ಟಿನದನ್ನೇ ಎತ್ತಿಕೊಂಡಿದ್ದಳು. ಚರ್ಚಿನಲ್ಲಿ ಮುಂದಿನ ಬೆಂಚಿನಿಂದ ಪಾದ್ರಿಯವರ ಹೆಂಡತಿ ಸುಲಾಮಿ ಅಮ್ಮ ಸೆಕೆಯೆಂದು ಹಿಂದಕ್ಕೆ ಕೈ ಚಾಚಿದರು. ಮೊಸೊವಿ ಕೊಟ್ಟಳು. ಕೊಟ್ಟ ಮೇಲೆ ನೋಡಿದಳು. ಹಾಡುತ್ತಿದ್ದ ಸಾಲು ಬಿಟ್ಟು ಮುಂದಿನ ಸಾಲಿಗೆ ಹಾರಿದಳು. ಪಕ್ಕದಲ್ಲಿದ್ದ ಲೋಸಾ ಬೆಂಚಿನಡಿ ತೂರುವವಳಂತೆ ಮುದುಡಿದಳು. ಸುಲಾಮಿ ಅಮ್ಮ ಬೀಸಿದರು, ನಿಲ್ಲಿಸಿದರು, ಓದಿದರು, ತಿರುಗಿಸಿ ಓದಿದರು. ಅವರ ಭುಜ ಅಲುಗಿತು. ಕೋಪವೋ ನಗುವೋ ಯಾರಿಗೆ ಗೊತ್ತು!

ಪ್ರಾರ್ಥನೆ ಮುಗಿಯಿತು. "ಮೊಸೊವೀ, ಬಾ ಇಲ್ಲಿ."

"ಅಮ್ಮಾ, ತಪ್ಪಾಯ್ತು..."

"ತಪ್ಪೇ ಮತ್ತೆ! ದರ್ಜಿಯಾಗಿ ಈ ಚಿತ್ರದವಳ ರವಿಕೆಗೆ ಇಂಥಾ ಸೊಟ್ಟ ತೋಳು ಬರೆದಿದ್ದೀಯಲ್ಲ! ಉರಿ ಏನು ನಿಮಗಷ್ಟೇ ಬರುತ್ತಾ? ನಮ್ಮ ಮಹಿಳಾ ಸಂಘಕ್ಕೆ ಅರವತ್ತು ಬೇಕು. ಇದನ್ನಂತೂ ನಾನು ವಾಪಸ್ ಕೊಡಲ್ಲ."

ವಾರದೊಳಗೆ ಇಡೀ ಚರ್ಚು ಮೊಸೊವಿಯ ಬೀಸಣಿಗೆಯಲ್ಲಿ ಬೀಸಿಕೊಳ್ಳುತ್ತಿತ್ತು: ಅಜ್ಜಿಯರು, ಸೊಸೆಯರು, ಲೋಸಾಳ ಅಮ್ಮ ಕೂಡ. ಹಿಡಿದವರು ಯಾರ ಪೈಕಿ ಎಂದು ಇನ್ನು ಹೇಳುವುದಾದರೂ ಹೇಗೆ? ಲೋಸಾ ಮೆಲ್ಲಗೆ ತನ್ನಮ್ಮನ ಮಡಿಲಿನಿಂದಲೇ ಅದನ್ನೆತ್ತಿ ಓದಿದಳು.

ಮಂಗಳವಾರ ಮಧ್ಯಾಹ್ನ ಅಂಗಡಿಗೆ ನುಗ್ಗಿದವಳು ಮಾತ್ರೆಯ ಪೊಟ್ಟಣವನ್ನು ಮೇಜಿಗೆ ಕುಕ್ಕಿದಳು. "ಹೋಗಿ ಬಂದೆ! ಏಳು ದಿನ ನುಂಗಿದ್ರೆ ವಾಸಿಯಂತೆ. ಆದ್ರೆ ಸೊಳ್ಳೆ ಅಂತ ಬರೆದಿದ್ದೀಯಲ್ಲಕ್ಕಾ, ಅದು ಜೇನುನೊಣ!"

"ಜೇನು ಅಂದ್ರೆ ಯಾರೂ ಬರಲ್ಲ ಕಣೇ. ಇರುವೆ ಅನ್ನೋಣ್ವಾ?"

"ಕೆಂಪಿರುವೆ."

"ಆಯ್ತು, ಕೆಂಪಿರುವೆ," ಎಂದು ಮೊಸೊವಿ ಸೊಳ್ಳೆಯ ಮೇಲೆ ಗೀಟು ಹಾಕಿದಳು.