ಏನೂ ಕೊಡದ ತಾಕು

ಸಂಶೋಧನಾ ಕೇಂದ್ರದ ಹೊಲದಲ್ಲಿ ಹನ್ನೆರಡು ತಾಕುಗಳು. ಒಂದಕ್ಕೆ ಸಗಣಿಗೊಬ್ಬರ, ಒಂದಕ್ಕೆ ಚೀಲದ ಗೊಬ್ಬರ, ಒಂದಕ್ಕೆ ಎರಡೂ, ಹೀಗೆ. ಏಳನೆಯದಕ್ಕೆ ಮಾತ್ರ ಮಳೆನೀರು ಬಿಟ್ಟರೆ ಏನೂ ಸೋಕಬಾರದು. ಮಣ್ಣು ತನ್ನ ಪಾಡಿಗೆ ತಾನು ಎಷ್ಟು ಬೆಳೆ ಕೊಡುತ್ತದೆಂದು ನೋಡಲು ಇಪ್ಪತ್ತೊಂಬತ್ತು ವರ್ಷದಿಂದ ಅದನ್ನು ಹಾಗೇ ಇಟ್ಟಿದ್ದರು. ಉಳಿದ ತಾಕುಗಳ ಬೆಳೆಯನ್ನೆಲ್ಲ ಇದರ ಜೊತೆಗೇ ಹೋಲಿಸಬೇಕು.

ಅದನ್ನು ಕಾಯುತ್ತಿದ್ದವರು ನಮ್ಮ ಗೋಡೆಯಾಚೆಯ ಕೋಣೆಯ ಒಂಟಿ ಮನುಷ್ಯ. "ಇವತ್ತು ಏನ್ ಹಾಕ್ದೆ?" ಎಂದು ಯಾರು ರೇಗಿಸಿದರೂ "ಏನಿಲ್ಲ" ಎನ್ನುತ್ತಿದ್ದರು. ಹಾಗಾಗಿ ಎಲ್ಲರಿಗೂ ಅವರು ಏನಿಲ್ಲಣ್ಣ.

ಆಳುಗಳೆಲ್ಲ ಮರದಡಿ ಒಬ್ಬರ ಡಬ್ಬಿಗೊಬ್ಬರು ಕೈಹಾಕಿ ಉಣ್ಣುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಏನಿಲ್ಲಣ್ಣ ಅಲ್ಲಿಗೆ ಹೋಗುವುದನ್ನು ಬಿಟ್ಟರು. ಏಳನೇ ತಾಕಿನ ಬದುವಿನ ಮೇಲೆ ಕೂತು ಒಬ್ಬರೇ ಉಂಡರು, ಹತ್ತೊಂಬತ್ತು ವರ್ಷ. ಆ ಬಡಕಲು ಪೈರನ್ನು ನೋಡಲು ಯಾರೂ ಬರುತ್ತಿರಲಿಲ್ಲ.

ಈ ವರ್ಷ ಹೊಸ ಮೇಡಮ್ ಬಂದರು. ಹಿಂದಿನವರು ತಾಕಿನ ಮಣ್ಣನ್ನೆಲ್ಲ ಬೆರೆಸಿ ಪರೀಕ್ಷಿಸುತ್ತಿದ್ದರು. ಇವರು ಮೂಲೆಮೂಲೆಯದನ್ನೂ ಬೇರೆಬೇರೆಯಾಗಿ ನೋಡಿದರು. ಏಳನೆಯದರ ಒಂದು ಮೂಲೆಯ ಮಣ್ಣು ಉಳಿದದ್ದಕ್ಕಿಂತ ಕೊಬ್ಬಿತ್ತು. ಅನುಮಾನ ಗೊಬ್ಬರ ಎರಚುವವನ ಮೇಲೆ ಬಿತ್ತು.

"ಮನೇಲಿರೋ ಹೂಗಿಡಕ್ಕೇ ನಾನು ಹಾಕಲ್ಲ, ಇದಕ್ಕೆ ಹಾಕ್ತೀನಾ ಮೇಡಮ್?" ಎಂದು ಅವನು ಕೂಗಾಡಿದ. ಆದರೂ ಅವನನ್ನು ಕೆಲಸದಿಂದ ತೆಗೆಯುವ ಮಾತು ನಡೆಯಿತು.

ಆ ಸಂಜೆ ಏನಿಲ್ಲಣ್ಣ ನಮ್ಮ ಮನೆಗೆ ಬಂದರು. ನನ್ನ ಪ್ರಾರ್ಥನೆ ಮುಗಿಯುವ ತನಕ ಹೊಸ್ತಿಲ ಹೊರಗೇ ನಿಂತಿದ್ದರು.

"ತಂಗೀ, ಅದು ನನ್ನ ಕೆಲಸವೇ ಇರ್ಬೇಕು. ದಿನಾ ಉಂಡು ಕೈ ತೊಳೆದ ನೀರು, ಡಬ್ಬಿ ತೊಳೆದ ನೀರು, ಎಲ್ಲಾ ಆ ಮೂಲೆಗೇ ಚೆಲ್ತಿದ್ದೆ."

ನಾನು ಅವರಿಗೆ ಕೂರಲು ಚಾಪೆ ಹಾಸಿದೆ.

"ಮೇಕೆ ನುಗ್ಗಿದ್ರೆ ಅದರ ಹಿಕ್ಕೆನೂ ಒಂದೊಂದಾಗಿ ಹೆಕ್ಕಿ ಆಚೆ ಹಾಕಿದೀನಿ. ನನ್ನ ಕೈ ಮಾತ್ರ ನನಗೆ ಕಾಣ್ಲಿಲ್ಲ ನೋಡು."

"ಮೇಡಮ್‌ಗೆ ಹೇಳಿಬಿಡಿ ಅಣ್ಣಾ."

"ಹೇಳಿದ್ರೆ ಅಲ್ಲಿ ಕೂರೋಕೆ ಬಿಡಲ್ಲ. ಹೇಳದಿದ್ರೆ ಅವನ ಕೆಲಸ ಹೋಗುತ್ತೆ." ಹೊಸ್ತಿಲ ಕಡೆ ತಿರುಗಿ ಅಂದರು, "ಹೇಳ್ತೀನಿ. ನಾಳೆ ನಾಲಿಗೆ ತಡವರಿಸಬಾರ್ದು ಅಂತ ಮೊದಲು ನಿನ್ನ ಮುಂದೆ ಹೇಳಿ ನೋಡ್ದೆ."

ಮರುದಿನ ಹೇಳಿದರು. ಮೇಡಮ್ ಬಯ್ಯಲಿಲ್ಲ. ಟೇಪು ತರಿಸಿ ಆ ಮೂಲೆಯನ್ನು ಅಳೆದರು, ಸುತ್ತ ನಾಲ್ಕು ಗೂಟ ಹೊಡೆಸಿದರು. ಅಷ್ಟು ಜಾಗವನ್ನು ಪರೀಕ್ಷೆಯಿಂದ ಹೊರಗಿಟ್ಟರು. ಇನ್ನು ಆ ಬದುವಿನ ಮೇಲೆ ಯಾರೂ ಉಣ್ಣಬಾರದು ಎಂದರು.

ಕೆಲಸ ಉಳಿದ ಗೊಬ್ಬರದವನು ತನ್ನ ಬೋಳುತಲೆ ಬಗ್ಗಿಸಿ ಕರೆದ: "ಬಾರಣ್ಣ ಮರದಡಿಗೆ. ನಿನ್ನ ಡಬ್ಬಿ ನೀರು ಇಲ್ಲಿ ಚೆಲ್ಲು, ನಾಲ್ಕು ಕೂದಲಾದ್ರೂ ಹುಟ್ಲಿ!"

ಎಲ್ಲರೂ ನಕ್ಕರು. ಏನಿಲ್ಲಣ್ಣನೂ ನಕ್ಕು, ಅವರ ಜೊತೆ ಹೋಗಿ ಕೂತರು.

ಈಗ ದಿನಾ ಮರದಡಿಯೇ ಊಟ. ಆದರೆ ಏಳನೇ ತಾಕು ಕಾಣುವ ಕಡೆಗೆ ಮುಖಮಾಡಿ, ಕೊನೆಯಲ್ಲಿ ಕೂರುತ್ತಾರಂತೆ. ಅಲ್ಲಿ ಕೈಯನ್ನೂ ತೊಳೆಯುವುದಿಲ್ಲವಂತೆ. ಒಣಗಿದ ಎಂಜಲು ಕೈಯಲ್ಲೇ ಮನೆಗೆ ಬಂದು, ನಮ್ಮ ಗೋಡೆಯಾಚೆ ಬಹಳ ಹೊತ್ತು ಆ ಒಂದೇ ಡಬ್ಬಿಯನ್ನು ತೊಳೆಯುತ್ತಾರೆ. ನೀರನ್ನು ಎಲ್ಲಿ ಚೆಲ್ಲುತ್ತಾರೆಂದು ನಾನು ಕೇಳಿಲ್ಲ.