ರ‍್ಯಾಂಪಿಗೆ ಕಟ್ಟಿದ ರಿಬ್ಬನ್

ಭದ್ರಾವತಿಯ ಒಂದು ಸರ್ಕಾರಿ ಕಚೇರಿಗೆ ಕೊನೆಗೂ ರ‍್ಯಾಂಪ್ ಕಟ್ಟಿದ್ದಾರೆ ಕಣ್ರೋ. ಸ್ಟೀಲ್ ಕಂಬಿ, ಹಳದಿ ಬಣ್ಣ, ಎಲ್ಲಾ ಚೆಂದ. ಅಂಗವಿಕಲರ ಪಾಸಿನ ಅರ್ಜಿಗೆ ಸಹಿ ಹಾಕಿಸೋಕೆ ಇವತ್ತು ಹೊಳೆಹೊನ್ನೂರಿಂದ ಆಟೋ ಮಾಡ್ಕೊಂಡು ಹೋದೆ. ಖುಷಿಯಲ್ಲಿ ವೀಲ್‌ಚೇರನ್ನ ರ‍್ಯಾಂಪ್ ಕಡೆ ತಿರುಗಿಸಿದರೆ, ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿತ್ತು.

"ಮೇಡಂ, ಅದರ ಮೇಲೆ ಹೋಗ್ಬೇಡಿ!" ಅಂತ ಅಟೆಂಡರ್ ಓಡಿ ಬಂದರು. "ಇನ್ನೂ ಉದ್ಘಾಟನೆ ಆಗಿಲ್ಲ. ಮಂತ್ರಿಗಳು ಡೇಟ್ ಕೊಟ್ಟಿಲ್ಲ."

"ರಿಬ್ಬನ್ ಸ್ವಲ್ಪ ಎತ್ತಿ ಹಿಡೀರಿ, ಕೆಳಗಿಂದ ಹೋಗ್ತೀನಿ."

"ಅಯ್ಯೋ, ಹಂಗೆಲ್ಲ ಆಗಲ್ಲ. ನಾವಿದ್ದೀವಲ್ಲ!"

ಇದ್ದರು. ನಾಲ್ಕು ಜನ ಗಂಡಸರು ನನ್ನನ್ನ ಕುರ್ಚಿಯಿಂದ ಎತ್ತಿಕೊಂಡು ಪಕ್ಕದ ಒಂಬತ್ತು ಮೆಟ್ಟಿಲು ಹತ್ತಿಸಿದರು. ಯಾರ ಕೈ ಎಲ್ಲೆಲ್ಲಿತ್ತು ಅಂತ ಇಲ್ಲಿ ಬರೆಯಲ್ಲ. ಪಾಪ, ಒಳ್ಳೆಯವರೇ.

ಸಹಿ ಒಂದು ನಿಮಿಷದಲ್ಲಿ ಆಯ್ತು. ವಾಪಸ್ ಇಳಿಸುವಾಗ ಅರ್ಧ ದಾರಿಯಲ್ಲಿ ಅಟೆಂಡರಿಗೆ ಹೊಳೀತು. "ಮೇಡಂ, ಉದ್ಘಾಟನೆಗೆ ನೀವೇ ಬನ್ನಿ. ಫೋಟೋದಲ್ಲಿ ವೀಲ್‌ಚೇರಿನವರು ಒಬ್ಬರು ಬೇಕು."

"ಖಂಡಿತ ಬರ್ತೀನಿ" ಅಂದೆ. ಇನ್ನೇನನ್ನಲಿ ಮಾರಾಯ್ರೇ, ಕೆಳಗೆ ಇನ್ನೂ ನಾಲ್ಕು ಮೆಟ್ಟಿಲು ಬಾಕಿ ಇತ್ತು, ನಾನು ಅವರ ಕೈಯಲ್ಲೇ ಇದ್ದೆ.